ತಡವರಿಕೆಯ ಪ್ರಮಾಣಪತ್ರ

ಯಾವ ನೌಕರಿಯಲ್ಲಾದರೂ ಕೆಲಸ ಕಲಿತವರಿಗೆ ಬಡ್ತಿ ಕೊಡುತ್ತಾರೆ. ದಾಕ್ಷಾಯಿಣಿ ಕೊಪ್ಪದಳ ನೌಕರಿ ಮಾತ್ರ ತಿರುವುಮುರುವು. ಅಲ್ಲಿ ಕೆಲಸ ಕಲಿತವರನ್ನು ಮನೆಗೆ ಕಳಿಸುತ್ತಿದ್ದರು. ಆರು ವರ್ಷದಿಂದ ಆಕೆ ಏನನ್ನೂ ಕಲಿಯದೆ ಉಳಿಯಲು ತನ್ನಿಂದಾದಷ್ಟು ಹೆಣಗಿದ್ದಳು. ಆದರೆ ಕೈ ಎನ್ನುವುದು ಯಜಮಾನಿಯ ಮಾತು ಕೇಳುವ ಜಾತಿಯದಲ್ಲ, ಬೇಡವೆಂದರೂ ಪಳಗುತ್ತದೆ.

ಆ ಸೋಮವಾರ ಬೆಳಿಗ್ಗೆ ಹುಬ್ಬಳ್ಳಿಯ ಪರೀಕ್ಷಾ ಕೇಂದ್ರದ ಮೂರನೇ ಕುರ್ಚಿಯಲ್ಲಿ ಕೂತು, ನಳಕ್ಕೆ ನೀರು ಯಾವ ದಿನ ಬರುತ್ತದೆಂದು ಮೊದಲೇ ಹೇಳುವ ಆ್ಯಪ್ ಒಂದನ್ನು ಆಕೆ ಒತ್ತಿ ನೋಡಿ ಮುಗಿಸಿದಳು. ಎದುರಿನ ಗೋಡೆಯ ಮೇಲೆ ಅಂಕ ಮೂಡಿತು: ನಲವತ್ತೊಂದು. ಗಾಜಿನ ಕೋಣೆಯಿಂದ ಮೇಲ್ವಿಚಾರಕಿ ತಬಸ್ಸುಮ್ ಬಾಗವಾನ ಹೊರಗೆ ಬಂದಳು. ಮೂವತ್ತರ ಹುಡುಗಿ, ದಾಕ್ಷಾಯಿಣಿಯ ಅರ್ಧ ವಯಸ್ಸಿನವಳು.

"ಅಕ್ಕಾರ, ಕೈ ಭಾಳ ಚುರುಕಾಗೇತ್ರಿ ನಿಮ್ದು," ಎಂದಳು. ರೋಗಿಯ ಮನೆಯವರಿಗೆ ಡಾಕ್ಟರು ಕೆಟ್ಟ ಸುದ್ದಿ ಹೇಳುವ ದನಿ ಅದು.

"ಇನ್ನೂ ಒಂದು ಅಂಕ ಐತಲ್ಲವಾ," ಎಂದು ದಾಕ್ಷಾಯಿಣಿ ನಗಲು ನೋಡಿದಳು.

"ಐತ್ರಿ. ಒಂದ ಐತಿ."

ಈ ಅಂಕದ ಕಥೆಯನ್ನು ಹೇಳಿಬಿಡಬೇಕು. ಆಗ ಆ್ಯಪ್‌ಗಳನ್ನು ಮನುಷ್ಯರು ಬರೆಯುವುದು ಎಂದೋ ನಿಂತುಹೋಗಿತ್ತು. ಯಂತ್ರವೇ ಒಂದು ನಿಮಿಷದಲ್ಲಿ ಬರೆಯುತ್ತಿತ್ತು, ಇನ್ನೊಂದು ಯಂತ್ರ ಮುಂದಿನ ನಿಮಿಷದಲ್ಲಿ ಅದನ್ನು ಹತ್ತು ಲಕ್ಷ ಸಲ ಒತ್ತಿ ನೋಡಿ ಸರಿಯಿದೆ ಎನ್ನುತ್ತಿತ್ತು. ಹೀಗೆ ಪಾಸಾಗಿ ಬಂದ ಅಂಬ್ಯುಲೆನ್ಸ್ ಕರೆಯುವ ಆ್ಯಪ್ ಒಂದು, ಹೊಳೆ ಉಕ್ಕಿ ಊರೊಳಗೆ ಬಂದ ದಿನ ಜನರ ಕೈಯಲ್ಲಿ ಕೆಲಸ ಮಾಡಲಿಲ್ಲ. ಅದರಲ್ಲಿ ದೋಷವೇನೂ ಇರಲಿಲ್ಲ. ಮುಖಪುಟದಲ್ಲಿ ಹನ್ನೆರಡು ಚಿತ್ರಗಳಿದ್ದವು, ಸರಿಯಾದದ್ದನ್ನು ಆರಿಸಿ ಒತ್ತಬೇಕಿತ್ತು, ಅಷ್ಟೆ. ಜನ ಫೋನು ಹಿಡಿದು ಚಿತ್ರ ನೋಡುತ್ತ ನಿಂತುಬಿಟ್ಟರು. ಯಂತ್ರ ಹತ್ತು ಲಕ್ಷ ಸಲ ಒತ್ತಿದ್ದು ನಿಜ, ಒಂದು ಸಲವೂ ಹೆದರಿ ಒತ್ತಿರಲಿಲ್ಲ.

ಆಮೇಲೆ ಕಾನೂನು ಬಂತು. ಜನರ ಜೀವಕ್ಕೆ ಸಂಬಂಧಪಟ್ಟ ಯಾವುದೇ ಆ್ಯಪ್ ಆಗಲಿ, ಪ್ರಮಾಣಪತ್ರ ಪಡೆದ ಮೂವರು ಮನುಷ್ಯರು ಒತ್ತಿ ನೋಡಿ ಹೆಬ್ಬೆಟ್ಟು ಹಾಕದ ಹೊರತು ಹೊರಬರುವಂತಿಲ್ಲ. ಅವರ ಮುಂಗೈಗೆ ಒಂದು ಕಪ್ಪು ಪಟ್ಟಿ ಕಟ್ಟುತ್ತಾರೆ. ನಾಡಿ ಬಡಿತ, ಬೆರಳಿನ ಬೆವರು, ಕಣ್ಣು ಬಿದ್ದಮೇಲೆ ಬೆರಳು ಒತ್ತುವುದಕ್ಕೆ ಹಿಡಿದ ಹೊತ್ತು, ಈ ಮೂರನ್ನೂ ಪಟ್ಟಿ ಅಳೆದು ಕೂಡಿಸಿ ನೂರಕ್ಕೆ ಇಷ್ಟು ಎಂದು ಹೇಳುತ್ತದೆ. ಅದರ ಹೆಸರು ತಡವರಿಕೆ ಅಂಕ. ಸಾಮಾನ್ಯ ಮನುಷ್ಯ ಎಲ್ಲಿ ತಡವರಿಸುತ್ತಾನೋ ಅಲ್ಲಿ ಆ್ಯಪ್ ತಿದ್ದಬೇಕು. ಹಾಗಾಗಿ ಚೆನ್ನಾಗಿ ತಡವರಿಸುವವರು ಬೇಕು. ಅಂಥವರಿಗೆ ಕೊಡುವುದೇ 'ಹೊಸಗೈ ಪರೀಕ್ಷಕ' ಎಂಬ ಪ್ರಮಾಣಪತ್ರ. ಎರಡು ವರ್ಷಕ್ಕೊಮ್ಮೆ ನವೀಕರಣದ ಪರೀಕ್ಷೆ. ಅಂಕ ನಲವತ್ತಕ್ಕಿಂತ ಕೆಳಗೆ ಇಳಿದರೆ ಕೈ ಹಳತಾಯಿತು ಎಂದು ಪಟ್ಟಿ ಬಿಚ್ಚಿಸಿಕೊಂಡು ಕಳಿಸುತ್ತಾರೆ.

ದಾಕ್ಷಾಯಿಣಿ ಮೂವತ್ತು ವರ್ಷ ಖಾನಾವಳಿ ನಡೆಸಿದವಳು. ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿ ತಿರುವಿ ಬೆರಳ ತುದಿಯ ಗೆರೆಗಳೆಲ್ಲ ಸವೆದಿದ್ದವು. ಅವಳ ಬೆರಳನ್ನು ಫೋನು ಮನುಷ್ಯರದೆಂದು ಒಪ್ಪುತ್ತಲೇ ಇರಲಿಲ್ಲ. ಮೊದಲ ಪರೀಕ್ಷೆಯಲ್ಲಿ 'ಮುಂದೆ' ಎಂಬ ಒಂದು ಗುಂಡಿ ಒತ್ತಲು ಹನ್ನೊಂದು ನಿಮಿಷ ತೆಗೆದುಕೊಂಡು ತೊಂಬತ್ತಮೂರು ಅಂಕ ಗಳಿಸಿದ್ದಳು. ಕೇಂದ್ರದವರು ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಆಗ ಸಿಕ್ಕ ಪ್ರಮಾಣಪತ್ರವೇ ಅವಳ ಹೆಸರು ಅಚ್ಚಾಗಿ ಬಂದ ಮೊದಲ ಕಾಗದ. ಗಂಡ ಅಂದಾನೆಪ್ಪ ತಾನೇ ಚೌಕಟ್ಟು ಹಾಕಿಸಿ ತಂದು, ಅಪಘಾತವಿಲ್ಲದೆ ಬಸ್ಸು ಓಡಿಸಿದ್ದಕ್ಕೆ ತನಗೆ ಸಿಕ್ಕ ಬೆಳ್ಳಿ ಪದಕದ ಪಕ್ಕದಲ್ಲೇ ಮೊಳೆ ಹೊಡೆದು ತೂಗುಹಾಕಿದ್ದ. "ಇಬ್ರೂ ಸರ್ಕಾರದ ಮಂದಿ ಆದ್ವಿ ನೋಡು," ಎಂದು ಓಣಿಯವರಿಗೆಲ್ಲ ಪೇಢೆ ಹಂಚಿದ್ದ.

ಅಂಕ ಉಳಿಸಿಕೊಳ್ಳಲು ಪರೀಕ್ಷಕರು ಮಾಡದ ಕಸರತ್ತಿಲ್ಲ. ಪರೀಕ್ಷೆಗೆ ಮುಂಚೆ ಮೆಟ್ಟಿಲು ಹತ್ತಿ ಇಳಿಯುವವರು, ಮೂರು ಕಪ್ಪು ಚಹಾ ಕುಡಿದು ಎದೆ ಬಡಿಸಿಕೊಳ್ಳುವವರು, ಬೇಕಂತಲೇ ಬೆರಳನ್ನು ಗಾಳಿಯಲ್ಲಿ ತೇಲಿಸುವವರು. ಪಟ್ಟಿ ಎಲ್ಲವನ್ನೂ ಹಿಡಿದುಬಿಡುತ್ತಿತ್ತು. ಒಬ್ಬ ಹಿರಿಯ ಪರೀಕ್ಷಕರು ಮಾತ್ರ ನಿವೃತ್ತರಾಗುವ ದಿನ ಅವಳ ಕಿವಿಯಲ್ಲಿ ಒಂದು ಗುಟ್ಟು ಹೇಳಿದ್ದರು. "ನಿಮ್ಮ ಬಾಳಿನ್ಯಾಗ ಭಾಳ ಹೆದರಿದ್ದ ಒಂದು ದಿನ ನೆನಸ್ಕೋರಿ, ಅಕ್ಕಾರ. ಆ ಹೆದರಿಕಿ ಖರೇದು. ಅದನ್ನ ಪಟ್ಟಿ ಹಿಡಿಯೂದಿಲ್ಲ." ಆಗ ಆ ಮಾತು ಅವಳಿಗೆ ಬೇಕಾಗಿರಲಿಲ್ಲ.

"ಗುರುವಾರ ನಿಮ್ಮ ನವೀಕರಣ," ತಬಸ್ಸುಮ್ ಕಡತ ನೋಡುತ್ತ ಹೇಳಿದಳು. "ಆ್ಯಪ್ ಚಲೋ ಐತ್ರಿ. 'ಮನಿದಾರಿ' ಅಂತ. ಮರವು ಇದ್ದವ್ರು ಹೊರಗ ಹೋದಾಗ ದಾರಿ ತಪ್ಪಿದ್ರ, ಅದ ಮಾತಾಡ್ಸಿ ಮನಿಗೆ ಕರ್ಕೊಂಡ ಬರತೈತಂತ. ಇಬ್ರು ಆಗ್ಲೇ ಹೆಬ್ಬೆಟ್ಟು ಹಾಕ್ಯಾರ. ನಿಮ್ದೊಂದ ಬಾಕಿ."

ದಾಕ್ಷಾಯಿಣಿಯ ಎದೆ ಧಸಕ್ಕೆಂದಿತು. ಪಟ್ಟಿ ಬಿಚ್ಚಿಟ್ಟಾಗಿತ್ತು, ಇಲ್ಲವಾದರೆ ಅಂಕ ನೂರು ಮುಟ್ಟುತ್ತಿತ್ತು. ಮನೆಯಲ್ಲಿ ಅಂಥವರೊಬ್ಬರಿದ್ದಾರೆ ಎಂದು ಆಕೆ ಕೇಂದ್ರದಲ್ಲಿ ಯಾರಿಗೂ ಹೇಳಿರಲಿಲ್ಲ.

ಮನೆಗೆ ಬಂದವಳು ಓಣಿಯ ಎರಡೂ ಕಡೆ ನೋಡಿ, ಸೀರೆಯ ಸೆರಗನ್ನು ಬೀಗಕ್ಕೆ ಸುತ್ತಿ, ಸದ್ದಾಗದಂತೆ ಕೀಲಿ ತಿರುವಿದಳು. ಹೌದು, ಹೊರಗಿನಿಂದ ಬೀಗ. ದಿನಾ ಕೆಲಸಕ್ಕೆ ಹೋಗುವಾಗ ಮೂವತ್ನಾಲ್ಕು ವರ್ಷ ಬಸ್ಸು ಓಡಿಸಿದ ಗಂಡನನ್ನು ಒಳಗಿಟ್ಟು ಆಕೆ ಬೀಗ ಹಾಕುತ್ತಿದ್ದಳು, ಹಾಕಿದಾಗಲೆಲ್ಲ ಒಮ್ಮೆ ಸಾಯುತ್ತಿದ್ದಳು.

ಅಂದಾನೆಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ದೊಡ್ಡ ಮೈಕಟ್ಟು, ಬೆಳ್ಳಗಿನ ಮೀಸೆ, ಮಡಿಲಲ್ಲಿ ಎರಡೂ ಕೈ.

"ಯಾರ ಹೊರಗಿಂದ ಕೀಲಿ ಹಾಕಿದ್ರು?" ಎಂದ.

"ಯಾರ ಹಾಕ್ತಾರ್ರಿ? ಗಾಳಿಗೆ ಬಾಗಲಾ ಬಡ್ಕೊಂಡು ಚಿಲಕ ಬಿದ್ದಿತ್ತು."

"ಹಂಗನ?" ಎಂದು ಆತ ಸುಮ್ಮನಾದ. ನಂಬಿದನೋ ಬಿಟ್ಟನೋ. ಸುಳ್ಳು ಹೇಳಿದ್ದಕ್ಕಿಂತ ಆ ಸುಮ್ಮನಾಗುವಿಕೆಯೇ ಅವಳಿಗೆ ಹೆಚ್ಚು ಸಂಕಟ ಕೊಟ್ಟಿತು. ಓಣಿಯಲ್ಲಿ ಒಂದು ಮಾತಿಗೆ ಹತ್ತು ಮಾತಾಡುತ್ತಿದ್ದ ಮನುಷ್ಯ ಅದು.

ಹದಿನೆಂಟು ತಿಂಗಳ ಹಿಂದೆ ಹಾಲು ತರಲು ಹೋದವನು ನಾಲ್ಕು ತಾಸಾದರೂ ಬಂದಿರಲಿಲ್ಲ. ಆಕೆ ಹುಚ್ಚಿಯ ಹಾಗೆ ಹುಬ್ಬಳ್ಳಿಯ ಅರ್ಧದಷ್ಟು ಓಣಿ ತಿರುಗಿ, ಕೊನೆಗೆ ಬಸ್ ಡಿಪೋದಲ್ಲಿ ಅವನನ್ನು ಕಂಡಿದ್ದಳು. ಕೈಯಲ್ಲಿ ಹಾಲಿನ ಪಾಕೀಟು. ಬಾದಾಮಿಗೆ ಹೊರಟ ಬಸ್ಸಿನ ಬಾಗಿಲಲ್ಲಿ ನಿಂತು, ಗಾಡಿ ತಡವಾಯಿತೆಂದು ಯಾರೋ ಕಂಡಕ್ಟರನನ್ನು ಬೈಯುತ್ತಿದ್ದ. "ದಾರಿ ತಪ್ಪಿತೇನ್ರಿ?" ಎಂದು ಆಕೆ ಮೆಲ್ಲಗೆ ಕೇಳಿದ್ದಕ್ಕೆ ಇಡೀ ಡಿಪೋ ತಿರುಗಿ ನೋಡುವಂತೆ ಗದರಿದ್ದ: "ಮೂವತ್ನಾಲ್ಕು ವರ್ಷ ಗಾಡಿ ಹೊಡದೀನಿ! ನನಗ ದಾರಿ ತಪ್ಪತೈತಿ?" ಅದಾದ ಮೇಲೆ ಆ ಪ್ರಶ್ನೆಯನ್ನು ಆಕೆ ಮತ್ತೆಂದೂ ಕೇಳಿರಲಿಲ್ಲ. ಮರುದಿನ ಬೀಗ ತಂದಿದ್ದಳು.

ಅಂದಿನಿಂದ ಇಬ್ಬರ ಪಾಲಿನದನ್ನೂ ಅವಳೇ ಒತ್ತತೊಡಗಿದಳು. ಅವನ ಗುಳಿಗೆಯ ಆ್ಯಪ್, ಅವನ ಫೋನು, ಡಾಕ್ಟರ ಸರದಿ, ಟಿ.ವಿ., ಫ್ಯಾನು. ಅವನು ಕೈ ಚಾಚುವುದರೊಳಗೆ "ಇರ್ರಿ, ನಾ ಒತ್ತೀನಿ," ಎಂದು ಮುಗಿಸಿಬಿಡುತ್ತಿದ್ದಳು. ಅವಳ ಕೈ ಚುರುಕಾದದ್ದು ಹಾಗೆ. ಅವನ ಕೈ ಮಡಿಲಿಗೆ ಬಿದ್ದದ್ದೂ ಹಾಗೆಯೇ.

ರೊಟ್ಟಿ ಬಡಿಯುತ್ತ ಆಕೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಈ ಮನಿದಾರಿ ಎನ್ನುವುದು ನಿಜಕ್ಕೂ ಮನೆಗೆ ಕರೆತರುವಂಥದ್ದಾದರೆ, ಬೀಗವನ್ನು ಬಾವಿಗೆ ಎಸೆಯಬಹುದು. ಅವನು ಹಾಲು ತರಬಹುದು, ಕಟ್ಟೆಯ ಮೇಲೆ ಕೂತು ಹರಟಬಹುದು. ಅದಕ್ಕೆ ತನ್ನದೇ ಹೆಬ್ಬೆಟ್ಟು ಬೀಳಬೇಕೆಂದರೆ, ಇದು ದೇವರ ಆಟವೇ ಸರಿ ಅನ್ನಿಸಿತು.

ಗುರುವಾರ ಪಟ್ಟಿ ಕಟ್ಟಿಕೊಂಡು ಕೂತಳು. ತೆರೆಯ ಮೇಲೆ ತಿಳಿನೀಲಿ ಬಣ್ಣ ಹರಡಿ, ಇಂಪಾದ ಹೆಣ್ಣು ದನಿಯೊಂದು ಕೇಳಿತು: "ನಮಸ್ಕಾರ. ತಾವು ದಾರಿ ತಪ್ಪಿದ್ದೀರಾ?" ಕೆಳಗೆ ಎರಡು ದೊಡ್ಡ ಗುಂಡಿಗಳು, ಹೌದು ಮತ್ತು ಇಲ್ಲ. ಆಕೆ ಹೌದು ಒತ್ತಿದಳು. ಆಮೇಲೆಲ್ಲ ನೀರು ಕುಡಿದಷ್ಟು ಸಲೀಸು. ಎಡಕ್ಕೆ ತಿರುಗಿ, ಹತ್ತು ಹೆಜ್ಜೆ ನಡೆಯಿರಿ, ಹೆದರಬೇಡಿ, ನಾನಿದ್ದೇನೆ. ಕೇಳುತ್ತ ಕೇಳುತ್ತ ಅವಳ ಕಣ್ಣು ತುಂಬಿ ಬಂತು. ಎಷ್ಟು ಚೆಂದ ಮಾಡಿದ್ದಾರೆ!

ಗೋಡೆಯ ಮೇಲೆ ಅಂಕ ಮೂಡಿತು: ಮೂವತ್ತೊಂದು.

ತಬಸ್ಸುಮ್ ಬಹಳ ಹೊತ್ತು ಗಾಜಿನ ಕೋಣೆಯಿಂದ ಹೊರಗೆ ಬರಲಿಲ್ಲ. ಬಂದಾಗ ಚಹಾ ಹಿಡಿದುಕೊಂಡೇ ಬಂದಳು. "ನಾಳಿ ಇನ್ನೊಂದು ಅವಕಾಶ ಐತ್ರಿ ಅಕ್ಕಾರ. ನಿಯಮದಾಗ ಎರಡು ಸಲ ಬಿಡ್ತಾರ."

ಮನೆಯಲ್ಲಿ ಗೋಡೆಯ ಮೇಲಿನ ಚೌಕಟ್ಟು ಅವಳನ್ನೇ ನೋಡುತ್ತಿತ್ತು. ಬೆಳ್ಳಿ ಪದಕದ ಪಕ್ಕ ಅದಿಲ್ಲದ ಗೋಡೆಯನ್ನು ಊಹಿಸಲು ಅವಳಿಂದಾಗಲಿಲ್ಲ. ಹಿರಿಯರು ಹೇಳಿದ್ದ ಗುಟ್ಟು ನೆನಪಾಯಿತು. ಸುಳ್ಳೇನೂ ಅಲ್ಲವಲ್ಲ, ಹೆದರಿಕೆ ನಿಜದ್ದೇ ತಾನೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಶುಕ್ರವಾರ ತೆರೆಯ ಮೇಲೆ ನೀಲಿ ಹರಡುವ ಹೊತ್ತಿಗೆ ಕಣ್ಣು ಮುಚ್ಚಿ ಆಕೆ ಡಿಪೋದ ಆ ದಿನಕ್ಕೆ ಹೋದಳು. ನಾಲ್ಕು ತಾಸು, ಬಿಸಿಲು, ಕಾಲಿಗೆ ಚಪ್ಪಲಿಯಿಲ್ಲ, ಎದುರಿಗೆ ಬಂದ ಪ್ರತಿಯೊಬ್ಬರನ್ನೂ ಕೇಳಿದ್ದು. ನಾಡಿ ಹಾರತೊಡಗಿತು. ಹಾಲಿನ ಪಾಕೀಟು ಹಿಡಿದು ನಿಂತ ಅವನು ಕಂಡ. "ತಾವು ದಾರಿ ತಪ್ಪಿದ್ದೀರಾ?" ಎಂದು ಇಂಪಾದ ದನಿ ಕೇಳಿತು. ನೆನಪಿನಲ್ಲಿ ಅಂದಾನೆಪ್ಪ ತಿರುಗಿ ಗದರಿದ: ನನಗ ದಾರಿ ತಪ್ಪತೈತಿ?

ಬೆರಳು ಹೌದು ಎಂಬಲ್ಲಿಗೆ ಹೋಗಿ ಒತ್ತಿಬಿಟ್ಟಿತು. ಪಳಗಿದ ಕೈ, ಅದಕ್ಕೆ ದಾರಿ ಗೊತ್ತಿತ್ತು. ಆದರೆ ಆಕೆ ಕುರ್ಚಿಯಲ್ಲಿ ತಣ್ಣಗಾಗಿ ಕೂತಳು.

"ಅರವತ್ನಾಲ್ಕು!" ತಬಸ್ಸುಮ್ ಮಗುವಿನಂತೆ ಓಡಿ ಬಂದಳು. "ಉಳಕೊಂಡ್ರಿ ಅಕ್ಕಾರ! ಇನ್ನ ಎರಡು ವರ್ಷ ಚಿಂತಿಲ್ಲ. ಇಲ್ಲೆ ಹೆಬ್ಬೆಟ್ಟು ಒತ್ರಿ."

ದಾಕ್ಷಾಯಿಣಿ ಕೈ ಹಿಂದಕ್ಕೆ ಎಳೆದುಕೊಂಡಳು. "ಒತ್ತೂದಿಲ್ಲವಾ. ಇದು ತಪ್ಪೈತಿ."

"ಏನ್ ತಪ್ರಿ?"

"ಮೊದಲನೇ ಪ್ರಶ್ನೆ. ದಾರಿ ತಪ್ಪಿದ ಗಂಡಸು ಯಾವತ್ತರ ಹೌದು ಅಂತಾನೇನ? ಇಲ್ಲ ಅಂತಾನ. ಇಲ್ಲ ಅಂದ್ರ ಇದು ಏನ್ ಮಾಡತೈತಿ?"

ತಬಸ್ಸುಮ್ ಒತ್ತಿ ತೋರಿಸಿದಳು. 'ಇಲ್ಲ' ಎಂದೊಡನೆ "ಸಂತೋಷ. ಶುಭ ದಿನ," ಎಂದು ಹೇಳಿ ಮನಿದಾರಿ ಕಣ್ಣು ಮುಚ್ಚಿತು. ಯಂತ್ರದ ಲೆಕ್ಕದಲ್ಲಿ ಅದು ಸರಿಯಾದ ನಡತೆ. ದಾರಿ ತಪ್ಪದವನಿಗೆ ದಾರಿ ತೋರಿಸುವುದೇಕೆ?

"ಖರೆ ಇರಬೌದ್ರಿ," ತಬಸ್ಸುಮ್ ತಲೆ ಕೆರೆದುಕೊಂಡಳು. "ಆದ್ರ ಪುರಾವೆ ಬೇಕಲ್ರಿ. ನೀವ ಎರಡು ಸಲಾನೂ ಹೌದು ಒತ್ತೀರಿ. ಉಳಿದಿಬ್ರೂ ಹೌದು ಒತ್ಯಾರ. ಬೇಕಾದ್ರ ಅಭಿಪ್ರಾಯ ಅಂತ ಬರದು ಕಡತದಾಗ ಇಡೂಣು."

"ಇಟ್ರ ಏನಾಗತೈತಿ?"

"ಕಡತದಾಗ ಇರತೈತ್ರಿ."

"ಮತ್ತ ಆ್ಯಪು?"

ತಬಸ್ಸುಮ್ ನೆಲ ನೋಡಿದಳು. "ಬೇರೆ ಯಾರದರ ಹೆಬ್ಬೆಟ್ಟು ಹಾಕಿಸಿ ಮುಂದಿನ ವಾರ ಬಿಡ್ತಾರ್ರಿ."

ದಾಕ್ಷಾಯಿಣಿ ಹದಿನೆಂಟು ತಿಂಗಳಿಂದ ಬಚ್ಚಿಟ್ಟಿದ್ದ ಮಾತನ್ನು ಹೊರಗೆ ಹಾಕಿದಳು. "ನಮ್ಮ ಮನಿಯವ್ರಿಗೆ ಮರವು ಐತವಾ. ನಾ ಕೀಲಿ ಹಾಕ್ಕೊಂಡ ಬರತೀನಿ ದಿನಾ. ಈ ಕುರ್ಚಿ ಅವ್ರಿಗೆ ಬಿಟ್ಟುಕೊಡತೀನಿ."

ಪರೀಕ್ಷಕರು ತಮ್ಮ ಕುರ್ಚಿಯನ್ನು ಹೊರಗಿನ ಕೈಯೊಂದಕ್ಕೆ ಬಿಟ್ಟುಕೊಡಬಹುದೆಂಬ ನಿಯಮ ಇತ್ತು. ಆ ಕೈ ತೋರಿಸಿದ ದೋಷವನ್ನು ಯಂತ್ರ ಒಪ್ಪಲೇಬೇಕು. ಆದರೆ ಹಾಗೆ ಬಿಟ್ಟುಕೊಟ್ಟವರ ಪ್ರಮಾಣಪತ್ರ ಅಂದಿಗೇ ಮುಗಿಯಿತು. ಅಂಥ ನಿಯಮವನ್ನು ಆವರೆಗೆ ಯಾರೂ ಬಳಸಿರಲಿಲ್ಲ, ಯಾಕೆ ಬಳಸುತ್ತಾರೆ?

"ಅಕ್ಕಾರ, ಅರವತ್ನಾಲ್ಕು ಬಂದಾವ್ರಿ ನಿಮಗ," ತಬಸ್ಸುಮ್ ಅಂಗಲಾಚಿದಳು.

"ಅವು ನನ್ನ ಅಂಕ ಅಲ್ಲ. ಅವ್ರನ್ನ ನೆನಸ್ಕೊಂಡು ತಗೊಂಡಿದ್ದು," ಎಂದು ದಾಕ್ಷಾಯಿಣಿ ಎದ್ದಳು.

ಶನಿವಾರ ಬೆಳಿಗ್ಗೆ ಗಂಡನ ಮುಂದೆ ಕೂತು ಹೇಳಿದಳು, "ಒಂದು ಹೊಸಾ ರೂಟ್ ಹಾಕ್ಯಾರಂತ್ರಿ. ಸರಿ ಐತೋ ಇಲ್ಲೋ ಹಳೇ ಡ್ರೈವರ್ ಒಬ್ರು ನೋಡಿ ಹೇಳ್ಬೇಕಂತ. ನಿಮ್ಮನ್ನ ಕರದಾರ."

ಅಂದಾನೆಪ್ಪನ ಬೆನ್ನು ನೆಟ್ಟಗಾಯಿತು. "ನನ್ನ?"

"ನಿಮ್ಮನ್ನ."

ಆತ ತಾನೇ ಟ್ರಂಕು ತೆಗೆದು ಖಾಕಿ ಅಂಗಿ ಹುಡುಕಿದ. ಗುಂಡಿ ಹಾಕಿಕೊಳ್ಳಲು ಬಹಳ ಹೊತ್ತು ಬೇಕಾಯಿತು. ದಾಕ್ಷಾಯಿಣಿಯ ಕೈ ಎರಡು ಸಲ ಮುಂದೆ ಹೋಯಿತು, ಎರಡು ಸಲವೂ ಹಿಂದಕ್ಕೆ ಎಳೆದುಕೊಂಡಳು. ಕೊನೆಗೆ ಎಲ್ಲ ಗುಂಡಿಯೂ ಬಿದ್ದಾಗ ಆತ ಅವಳನ್ನು ನೋಡಿ ಮೀಸೆಯಡಿ ನಕ್ಕ. ಆ ನಗೆ ನೋಡಿ ಎಷ್ಟು ದಿನವಾಗಿತ್ತು.

ಕೇಂದ್ರದ ಹಿಂದಿನ ಗೋದಾಮಿನಲ್ಲಿ ಪ್ಲೈವುಡ್ಡಿನ ನಕಲಿ ಓಣಿಗಳಿದ್ದವು. ಕಿರಾಣಿ ಅಂಗಡಿ, ಹಾಲಿನ ಬೂತು, ನಾಲ್ಕು ಕೂಡುರಸ್ತೆ, ಎಲ್ಲ ನಿಜದ ಅಳತೆಯವು. ದಾರಿ ಹೇಳುವ ಆ್ಯಪ್‌ಗಳನ್ನು ಅಲ್ಲೇ ಪರೀಕ್ಷಿಸುತ್ತಿದ್ದರು. ತಬಸ್ಸುಮ್ ಅಂದಾನೆಪ್ಪನ ಮುಂಗೈಗೆ ಪಟ್ಟಿ ಕಟ್ಟಿ, ಫೋನನ್ನು ಕೊರಳಿಗೆ ತೂಗುಹಾಕಿ, "ಹೋಗಿ ನೋಡಿ ಬರ್ರಿ ಸಾಹೇಬ್ರ," ಎಂದು ಒಳಗೆ ಬಿಟ್ಟಳು. ಆಮೇಲೆ ಇಬ್ಬರು ಹೆಂಗಸರೂ ಗಾಜಿನ ಕೋಣೆಯಲ್ಲಿ ಕೂತು ಗೋಡೆಯ ದೊಡ್ಡ ತೆರೆಯನ್ನು ನೋಡಿದರು.

ಮೊದಲ ಎರಡು ತಿರುವು ಆತ ಠೀವಿಯಿಂದ ನಡೆದ. ಮೂರನೆಯದರಲ್ಲಿ ನಿಂತ. ಬಂದ ದಾರಿಯನ್ನು ಒಮ್ಮೆ, ಮುಂದಿನದನ್ನು ಒಮ್ಮೆ ನೋಡಿದ. ಹಾಲಿನ ಬೂತಿನ ಮುಂದೆ ಎರಡು ಸಲ ಹಾದುಹೋದ. ಕೊರಳಿನ ಫೋನು ಮಾತಾಡಿತು: "ನಮಸ್ಕಾರ. ತಾವು ದಾರಿ ತಪ್ಪಿದ್ದೀರಾ?"

"ಏ ತಂಗಿ, ಯಾರಿಗೆ ಕೇಳ್ತಿ?" ಎಂದು ಗದರಿ ಆತ 'ಇಲ್ಲ' ಒತ್ತಿದ. ಒಂದು ಕ್ಷಣವೂ ತಡವರಿಸಲಿಲ್ಲ. "ಸಂತೋಷ. ಶುಭ ದಿನ," ಎಂದಿತು ಫೋನು.

ಮತ್ತೆ ಕೇಳಿತು, ಮತ್ತೆ ಇಲ್ಲ. ನಾಲ್ಕು ಸಲ ಕೇಳಿತು, ನಾಲ್ಕು ಸಲವೂ ಇಲ್ಲ. ಯಂತ್ರ ತೆರೆಯ ಮೂಲೆಯಲ್ಲಿ ಹಸಿರು ಅಕ್ಷರದಲ್ಲಿ ಬರೆಯಿತು: ಬಳಕೆದಾರರು ಸ್ಪಷ್ಟವಾಗಿ ಉತ್ತರಿಸುತ್ತಿದ್ದಾರೆ, ದೋಷವಿಲ್ಲ.

"ನಾಡಿ ನೋಡ್ರಿ ಅಕ್ಕಾರ," ತಬಸ್ಸುಮ್ ಪಿಸುಗುಟ್ಟಿದಳು.

ಹಸಿರು ಅಕ್ಷರದ ಕೆಳಗೆ ಕೆಂಪು ಗೆರೆಯೊಂದು ಏರುತ್ತಿತ್ತು. ನೂರಾ ಹತ್ತು, ನೂರಾ ಇಪ್ಪತ್ತು, ನೂರಾ ಮೂವತ್ತೆರಡು. ಬೆರಳು ಬೆವರಿ ಒದ್ದೆಯಾಗಿತ್ತು. ತೆರೆಯ ಮೇಲಿನ ಅಂದಾನೆಪ್ಪ ಎದೆ ಸೆಟೆಸಿ, ಮೀಸೆ ತಿರುವುತ್ತ, ಕಿರಾಣಿ ಅಂಗಡಿಯ ಬೋರ್ಡು ಓದುವವನಂತೆ ನಿಂತಿದ್ದ.

ದಾಕ್ಷಾಯಿಣಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತುಬಿಟ್ಟಳು. ಡಿಪೋದಲ್ಲಿ ಗದರಿದ್ದಾಗ, ಕೀಲಿ ಯಾರು ಹಾಕಿದರೆಂದು ಕೇಳಿ ಸುಮ್ಮನಾದಾಗ, ಈ ಕೆಂಪು ಗೆರೆ ಹೀಗೇ ಏರಿತ್ತಲ್ಲವೇ? ನಲವತ್ತು ವರ್ಷ ಜೊತೆಗೆ ಬಾಳಿದವಳು ತಾನು, ಅವನಿಗೆ ಸಿಟ್ಟು ಬಂದಿದೆ ಎಂದಷ್ಟೇ ತಿಳಿದಿದ್ದಳು. ಪಾಪ, ಇಷ್ಟು ಹೆದರಿದ್ದನೆಂದು ಅವಳಿಗೆ ಯಾರು ಹೇಳಬೇಕಿತ್ತು?

"ಸಾಕ್ರಿ, ಪುರಾವೆ ಸಿಕ್ತು. ಕರ್ಕೊಂಡ ಬರ್ತೀನಿ," ತಬಸ್ಸುಮ್ ಎದ್ದಳು. ಅವಳ ಕಣ್ಣೂ ಒದ್ದೆಯಾಗಿತ್ತು.

"ತಡೀವಾ." ದಾಕ್ಷಾಯಿಣಿ ಮುಖ ಒರೆಸಿಕೊಂಡಳು. "ಈಗ ಹೋಗಿ ಕರ್ಕೊಂಡ ಬಂದ್ರ ಸೋತಂಗ ಆಗತೈತಿ ಅವ್ರಿಗೆ. ಆ ಪ್ರಶ್ನಿ ತಿದ್ದಾಕ ಎಷ್ಟು ಹೊತ್ತು?"

"ಒಂದು ನಿಮಿಷ್ರಿ. ಏನಂತ ತಿದ್ದಲಿ?"

"ದಾರಿ ತಪ್ಪೀರೇನು ಅಂತ ಕೇಳಬಾರ್ದು. ಗುಂಡೀನೂ ಬ್ಯಾಡ. ಬಸ್ಸಿನ್ಯಾಗ ಕಂಡಕ್ಟರ್ ಎಲ್ಲಾರಿಗೂ ಕೇಳ್ತಾನಲ್ಲ, ಎಲ್ಲಿಗ್ರಿ ಅಂತ? ಅಷ್ಟ ಕೇಳಲಿ. ಅದಕ್ಕ ಯಾರಿಗೂ ಸಿಟ್ಟು ಬರೂದಿಲ್ಲ. ಹೊರಡೂ ಮುಂದ ಎರಡು ಸೀಟಿ ಊದಲಿ, ಮುಟ್ಟಿದ ಮ್ಯಾಲ ಒಂದು."

ತಬಸ್ಸುಮ್‌ಳ ಬೆರಳುಗಳು ಓಡಿದವು. ಗೋದಾಮಿನ ಓಣಿಯಲ್ಲಿ ಫೋನು ಮತ್ತೆ ದನಿ ತೆಗೆಯಿತು, ಈ ಸಲ ಇಂಪಾಗಿ ಅಲ್ಲ, ಸಂತೆ ದಿನದ ಬಸ್ಸಿನಲ್ಲಿ ಕೇಳುವಂಥ ಒರಟು ದನಿ: "ಎಲ್ಲಿಗ್ರಿ ಡ್ರೈವರ್ ಸಾಹೇಬ್ರ?"

ಅಂದಾನೆಪ್ಪ ಮೀಸೆಯಿಂದ ಕೈ ತೆಗೆದ. ಆ ದಿನ ಮೊದಲ ಬಾರಿಗೆ ಆತ ತಡವರಿಸಿದ. ಗೋಡೆಯ ಮೇಲೆ ತಡವರಿಕೆಯ ಅಂಕ ಏರಿ ಏರಿ ತೊಂಬತ್ತಕ್ಕೆ ಬಂತು. ಎಲ್ಲಿಗೆ? ಊರಿನ ಹೆಸರುಗಳನ್ನು ತುಟಿಯಲ್ಲೇ ಒಂದೊಂದಾಗಿ ಹೇಳಿಕೊಳ್ಳುತ್ತಿದ್ದ. ಗದಗ, ರೋಣ, ಬಾದಾಮಿ. ಒಂದೂ ಸರಿಯೆನಿಸಲಿಲ್ಲವೋ ಏನೋ, ತಲೆ ಅಲ್ಲಾಡಿಸಿದ.

"ಊಟದ ಹೊತ್ತಾತು," ಎಂದ ಆತ ಕೊನೆಗೆ. "ದಾಕ್ಷಾಯಿಣಿ ರೊಟ್ಟಿ ಬಡದು ಕಾಯ್ತಿರತಾಳ. ಅಕಿ ಇದ್ದಲ್ಲಿಗೆ."

ಎರಡು ಸೀಟಿ ಕೇಳಿತು. "ರೈಟ್, ರೈಟ್! ಎಡಕ್ಕ ತಗೋರಿ." ಅಂದಾನೆಪ್ಪ ಎಡಕ್ಕೆ ತಿರುಗಿ ನಡೆಯತೊಡಗಿದ. ಕೆಂಪು ಗೆರೆ ನೂರಕ್ಕೆ ಇಳಿಯಿತು, ತೊಂಬತ್ತಕ್ಕೆ ಇಳಿಯಿತು. ದಾಕ್ಷಾಯಿಣಿ ಓಡಿಹೋಗಿ, ಪರೀಕ್ಷೆಗೆಂದು ಮನೆ ಎಂದು ಗುರುತಿಟ್ಟಿದ್ದ ನಕಲಿ ಓಣಿಯ ಕೊನೆಯ ಬಾಗಿಲಲ್ಲಿ ನಿಂತಳು. ಆತ ಮುಂದೆ ಬಂದು ನಿಂತಾಗ ಫೋನು ಒಂದೇ ಸೀಟಿ ಊದಿತು.

"ರೂಟ್ ಅಡ್ಡಿಯಿಲ್ಲ," ಎಂದ ಆತ. "ಆದ್ರ ಸ್ಟಾಪಿನ ಬೋರ್ಡು ಸರಿಯಾಗಿ ಬರದಿಲ್ಲ. ಹೊಸಬರಿಗೆ ತ್ರಾಸಾಗತೈತಿ."

ಅಂದೇ ಅವಳ ಮುಂಗೈಯ ಪಟ್ಟಿಯನ್ನು ತಬಸ್ಸುಮ್ ತಾನೇ ವಾಪಸು ಪಡೆದು ಡಬ್ಬಿಯಲ್ಲಿಟ್ಟಳು. ಆರು ವರ್ಷ ಕಟ್ಟಿದ ಜಾಗದಲ್ಲಿ ಚರ್ಮ ಬೆಳ್ಳಗಾಗಿತ್ತು. ಹೋಗುವಾಗ ಹುಡುಗಿ ತಬ್ಬಿಕೊಂಡು, "ಚೌಕಟ್ಟು ಇಳಸಬ್ಯಾಡ್ರಿ ಅಕ್ಕಾರ. ಅವಧಿ ಮುಗದೈತಿ ಅಷ್ಟ, ಹೆಸರು ನಿಮ್ದ ಐತಿ," ಎಂದಳು.

ಮುಂದಿನ ತಿಂಗಳು ಮನಿದಾರಿ ಹೊರಬಂತು. ಬೀಗವನ್ನು ದಾಕ್ಷಾಯಿಣಿ ಬಾವಿಗೇನೂ ಎಸೆಯಲಿಲ್ಲ, ಹಳೆಯ ಸಾಮಾನಿನ ಡಬ್ಬಿಗೆ ಹಾಕಿ ಅಟ್ಟಕ್ಕೆ ಏರಿಸಿದಳು. ಒಂದು ಬೆಳಿಗ್ಗೆ ಅಂದಾನೆಪ್ಪ ಖಾಕಿ ಅಂಗಿ ತೊಟ್ಟು, ಫೋನು ಕೊರಳಿಗೆ ಹಾಕಿಕೊಂಡು, ಹಾಲಿನ ಚೀಲ ಹಿಡಿದು ಹೊರಟ. ಆಕೆ ಹಿಂದೆ ಹೋಗಲಿಲ್ಲ. ಹೋಗಬಾರದೆಂದು ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡು ನಿಂತಳು. ಕಾಲು ತಾಸಿನ ದಾರಿ. ಅರ್ಧ ತಾಸಾಯಿತು. ಒಲೆಯ ಮೇಲೆ ಹಂಚು ಕಾಯುತ್ತಿತ್ತು, ಅದನ್ನು ಇಳಿಸಬೇಕೆಂಬುದೂ ಅವಳಿಗೆ ತೋಚಲಿಲ್ಲ. ಮುಕ್ಕಾಲು ತಾಸಾಗುವ ಹೊತ್ತಿಗೆ ಬಾಗಿಲು ದಾಟಿ, ಮೆಟ್ಟಿಲಿಳಿದು, ಬರಿಗಾಲಲ್ಲಿ ನಡು ಓಣಿಯಲ್ಲಿ ನಿಂತುಬಿಟ್ಟಿದ್ದಳು.

ಓಣಿಯ ತಿರುವಿನಲ್ಲಿ "ಬಲಕ್ಕ ತಗೋರಿ," ಎಂಬ ಒರಟು ದನಿ ಕೇಳಿತು. ಹಿಂದೆಯೇ ಬೆಳ್ಳಗಿನ ಮೀಸೆ ಕಂಡಿತು. ಕಟ್ಟೆಯ ಮೇಲೆ ಯಾರೊಂದಿಗೋ ಹರಟೆಗೆ ಕೂತಿದ್ದನಂತೆ, ಆಮೇಲೆ ಗೊತ್ತಾಯಿತು. ಅವಳ ಮುಂದೆ ಬಂದು ಆತ ನಿಂತ. ಒಂದು ಸೀಟಿ.

ಬರಿಗಾಲು, ಜಾರಿದ ಸೆರಗು, ಕಣ್ಣು ತುಂಬ ನೀರು. ಅಂದಾನೆಪ್ಪ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಗಾಬರಿಯಾದ. ದನಿ ತಗ್ಗಿಸಿ, ಓಣಿಯವರಿಗೆ ಕೇಳಿಸದ ಹಾಗೆ ಕೇಳಿದ, "ಯಾಕ ದಾಕ್ಷಾಯಿಣಿ, ದಾರಿ ತಪ್ಪೀಯೇನು?"

"ಹೌದ್ರಿ," ಎಂದಳು ಆಕೆ.

"ಅದಕ್ಯಾಕ ಅಳ್ತಿ? ನಾ ಇಲ್ಲೇನು?" ಎಂದು ಹಾಲಿನ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, ಆತ ಅವಳ ಕೈ ಹಿಡಿದು ಮನೆಯೊಳಗೆ ಕರೆದುಕೊಂಡು ಹೋದ.